ನಿಮ್ಮ ಪಿಕಪ್‌ಗೆ ಎಷ್ಟು ಭಾರ ಸರಿ? ಹೇರೋ ಮೊದಲು, ಎಳೆಯೋ ಮೊದಲು ಹಾಕಬೇಕಾದ ಲೆಕ್ಕ

ಮೊದಲಿಗೆ ಒಂದು ತಪ್ಪೊಪ್ಪಿಗೆ. ನಾನು ತೋಟಗಾರಿಕೆ ಓದಿದವನು. ಒಂದು ಗಿಡಕ್ಕೆ ಎಷ್ಟು ಗ್ರಾಂ ಬೇವಿನ ಹಿಂಡಿ, ಒಂದು ಕ್ಯಾನ್‌ಗೆ ಎಷ್ಟು ಮಿಲಿ ಬೇವಿನೆಣ್ಣೆ ಅಂತ ಅಳೆದು ಹಾಕೋನು. ಆದರೆ ಹಳೇ ಪಿಕಪ್ ಒಂದನ್ನು ತಗೊಂಡ ಮೇಲೆ ಎರಡು ವರ್ಷ, ಅದಕ್ಕೆ ಎಷ್ಟು ಭಾರ ಹಾಕಬಹುದು ಅಂತ ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಹಿಂದಿನ ಚಕ್ರ ಮಡ್‌ಗಾರ್ಡ್‌ಗೆ ತಾಗದಿದ್ದರೆ ಸರಿ, ಅಷ್ಟೇ ನನ್ನ ಲೆಕ್ಕ.

ಒಂದು ದಿನ ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಬೂದುಗುಂಬಳ ತಗೊಂಡು ಹೊರಟೆ. ನಮ್ಮದು ಅರ್ಧ, ಪಕ್ಕದ ತೋಟದವರದು ಅರ್ಧ. ಎರಡು ಟ್ರಿಪ್ ಯಾಕೆ, ಒಂದೇ ಸಲ ಮುಗಿಸೋಣ ಅಂತ 300 ಕಾಯಿ ಪೇರಿಸಿದೆವು. ಕ್ಯಾಬಿನ್ ತುಂಬ ಕರಿಬೇವಿನ ಕಟ್ಟು. ಹಾಗಾಗಿ ಜೊತೆಗೆ ಬಂದ ಇಬ್ಬರು ಹುಡುಗರು ಟಾರ್ಪಾಲ್ ಮೇಲೆ ಕೂತರು.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅರ್ಧ ದಾರಿ ಇಳಿಯೋದರೊಳಗೆ ಸುಟ್ಟ ವಾಸನೆ ಬಂತು. ಎಂಟನೇ ತಿರುವಿನ ಹತ್ತಿರ ಬ್ರೇಕ್ ತುಳಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಪೆಡಲ್ ಪಂಪ್ ಮಾಡುತ್ತಾ ಫಸ್ಟ್ ಗೇರ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಎಡಗಡೆ ಚಕ್ರ ಇಳಿಸಿದೆ. ಗಾಡಿ ಮಣ್ಣಿನ ದರೆಗೆ ಉಜ್ಜಿಕೊಂಡು ನಿಂತಿತು. ಮೇಲಿದ್ದವರಲ್ಲಿ ಒಬ್ಬ ಕೆಳಗೆ ಹಾರಿದ್ದ, ಮೊಣಕೈ ತರಚಿತ್ತು ಅಷ್ಟೇ. ಇನ್ನೊಂದು ಪಕ್ಕ ಏನಿತ್ತು ಅಂತ ಆ ದಾರಿಯಲ್ಲಿ ಹೋದವರಿಗೆ ಗೊತ್ತು.

ಬೇರೆ ಗಾಡಿ ತರಿಸಿ ಅರ್ಧ ಕಾಯಿ ಅದಕ್ಕೆ ಹಾಕಿ ಕಳಿಸಿದೆ. ಮಾರುಕಟ್ಟೆಯಲ್ಲಿ ತೂಕ ಹಾಕಿದಾಗ ಕಾಯಿಯೇ 1,800 ಕೆಜಿ. ನನ್ನ ಗಾಡಿಗೆ ಕಾನೂನು ಪ್ರಕಾರ ಹಾಕಬಹುದಾಗಿದ್ದದ್ದು ಸಾವಿರ ಕೆಜಿಯೂ ಇಲ್ಲ. ಆ ಲೆಕ್ಕ ನನ್ನ ಜೇಬಿನಲ್ಲಿದ್ದ ಆರ್‌ಸಿಯಲ್ಲೇ ಬರೆದಿತ್ತು!

ಮೊನ್ನೆ ಊರಿನ ಹುಡುಗನೊಬ್ಬ ಕೇಳಿದ: "ಅಣ್ಣ, ಪಿಕಪ್ ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡರೆ ಎಷ್ಟು ಎಳೀಬಹುದು?" ಉತ್ತರ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಮೊದಲು ಗಾಡಿ ಎಷ್ಟು ಹೊರುತ್ತೆ ಅಂತ ಗೊತ್ತಾಗಬೇಕು, ಆಮೇಲೆ ಎಳೆಯುವ ಮಾತು. ಎರಡನ್ನೂ ಒಂದೊಂದಾಗಿ ನೋಡೋಣ.

ಆರ್‌ಸಿಯಲ್ಲಿರುವ ಎರಡು ಸಂಖ್ಯೆ

ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಆರ್‌ಸಿ ತೆಗೆಯಿರಿ. ಎರಡು ತೂಕ ಕಾಣುತ್ತೆ.

ಅನ್‌ಲೇಡನ್ ವೇಟ್: ಖಾಲಿ ಗಾಡಿಯ ತೂಕ. ಕಾಯ್ದೆಯ ಪ್ರಕಾರ ಇದರಲ್ಲಿ ಗಾಡಿಯ ಜೊತೆ ಸಾಮಾನ್ಯವಾಗಿ ಇರುವ ಸಲಕರಣೆ ಸೇರಿರುತ್ತೆ, ಆದರೆ ಡ್ರೈವರ್ ಮತ್ತು ಸಹಾಯಕನ ತೂಕ ಸೇರಿರಲ್ಲ.

ಗ್ರಾಸ್ ವೆಹಿಕಲ್ ವೇಟ್, ಅಂದರೆ ಜಿವಿಡಬ್ಲ್ಯು: ಗಾಡಿ, ಡೀಸೆಲ್, ಜನ, ಸರಕು, ಹಗ್ಗ, ಟಾರ್ಪಾಲ್ ಎಲ್ಲಾ ಸೇರಿ ರಸ್ತೆ ಮೇಲೆ ಇರಬಹುದಾದ ಗರಿಷ್ಠ ತೂಕ. ಕೆಲವು ಆರ್‌ಸಿಯಲ್ಲಿ ಇದನ್ನೇ ಲೇಡನ್ ವೇಟ್ ಅಂತ ಬರೆದಿರುತ್ತೆ.

ಎರಡರ ವ್ಯತ್ಯಾಸವೇ ನಿಮ್ಮ ಹೊರೆ ಅಂತ ಬಹಳ ಜನ ಅಂದುಕೊಳ್ತಾರೆ. ಕಾಗದದ ಮೇಲೆ ಅದು ಸರಿ. ಆದರೆ ನಾವು ಗಾಡಿ ತಗೊಂಡ ಮೇಲೆ ಸುಮ್ಮನಿರಲ್ಲ. ಎತ್ತರದ ಗ್ರಿಲ್ ಮಾಡಿಸ್ತೀವಿ, ತಳಕ್ಕೆ ದಪ್ಪ ಶೀಟ್ ಹಾಕಿಸ್ತೀವಿ, ಮುಂದೆ ಬಂಪರ್, ಮೇಲೆ ಕ್ಯಾರಿಯರ್. ಇದೆಲ್ಲ ನೂರು ಕೆಜಿ ದಾಟೋದು ಕಷ್ಟವೇನಲ್ಲ. ಆ ಭಾರ ನಿಮ್ಮ ಸರಕಿನ ಲೆಕ್ಕದಿಂದಲೇ ಕಳೆಯಬೇಕು.

ಹಾಗಾಗಿ ಒಂದು ಸಲ ಎಪಿಎಂಸಿ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಡೀಸೆಲ್ ಟ್ಯಾಂಕ್ ಫುಲ್ ಇರಲಿ, ಹಿಂದೆ ಏನೂ ಬೇಡ, ನೀವು ಕೆಳಗೆ ಇಳಿದು ನಿಂತು ತೂಕ ಹಾಕಿಸಿ. ಆ ಚೀಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ನಿಮ್ಮ ಗಾಡಿಯ ನಿಜವಾದ ಖಾಲಿ ತೂಕ.

ಲೆಕ್ಕ ಹಾಕೋದು ಹೀಗೆ

ನನ್ನ ಗಾಡಿಯದೇ ಉದಾಹರಣೆ ಕೊಡ್ತೀನಿ. ನಿಮ್ಮದಕ್ಕೆ ನಿಮ್ಮ ಆರ್‌ಸಿಯ ಸಂಖ್ಯೆ ಹಾಕಿಕೊಳ್ಳಿ.

1. ಜಿವಿಡಬ್ಲ್ಯು: 2,950 ಕೆಜಿ
2. ವೇಬ್ರಿಡ್ಜ್‌ನಲ್ಲಿ ಬಂದ ನಿಜವಾದ ಖಾಲಿ ತೂಕ: 1,810 ಕೆಜಿ. ಉಳಿದಿದ್ದು 1,140 ಕೆಜಿ
3. ಡ್ರೈವರ್ ಮತ್ತು ಇನ್ನೊಬ್ಬರು: 140 ಕೆಜಿ. ಉಳಿದಿದ್ದು 1,000 ಕೆಜಿ
4. ಟಾರ್ಪಾಲ್, ಹಗ್ಗ, ಇತರೆ: 30 ಕೆಜಿ. ಉಳಿದಿದ್ದು 970 ಕೆಜಿ

ಬಯಲು ಸೀಮೆಯ ಒಳ್ಳೆ ರಸ್ತೆಯಲ್ಲಿ ನನ್ನ ಮಿತಿ 970 ಕೆಜಿ. ಘಾಟಿ, ಮಳೆ, ಹಾಳಾದ ರಸ್ತೆ ಇದ್ದರೆ ಇನ್ನೂ 10 ಭಾಗ ಕಡಿಮೆ ಮಾಡ್ತೀನಿ, ಸುಮಾರು 870 ಕೆಜಿ. ಇದು ಕಾನೂನಲ್ಲ, ನನ್ನ ನಿಯಮ.

ಟೊಮ್ಯಾಟೊ ತುಂಬಿದ ಪ್ಲಾಸ್ಟಿಕ್ ಕ್ರೇಟ್ ಒಂದು 22 ಕೆಜಿ ಇದ್ದರೆ, ಬಯಲಲ್ಲಿ 44 ಕ್ರೇಟ್, ಘಾಟಿಯಲ್ಲಿ 39 ಕ್ರೇಟ್. ನೆನಪಿಡಿ, ಖಾಲಿ ಕ್ರೇಟ್‌ಗೂ ತೂಕ ಇದೆ. ಒಂದು ಕ್ರೇಟ್ ತೂಕ ಹಾಕಿ, ಎಣಿಕೆಯಿಂದ ಗುಣಿಸಿ.

ಈಗ ನನ್ನ ಬೂದುಗುಂಬಳದ ದಿನ ನೋಡಿ. ಗಾಡಿ 1,810, ಕಾಯಿ 1,800, ಟಾರ್ಪಾಲ್ ಹಗ್ಗ 30, ಮೂವರು ಜನ 200. ಒಟ್ಟು 3,840 ಕೆಜಿ. ಮಿತಿಗಿಂತ 890 ಕೆಜಿ ಜಾಸ್ತಿ. ಕರಿಬೇವಿನ ಕಟ್ಟುಗಳನ್ನು ನಾನಿಲ್ಲಿ ಸೇರಿಸಿಯೇ ಇಲ್ಲ.

ಕಣ್ಣಳತೆ ಯಾಕೆ ಮೋಸ ಮಾಡುತ್ತೆ

ನಮ್ಮ ಕಣ್ಣು ಜಾಗ ನೋಡುತ್ತೆ, ತೂಕ ನೋಡಲ್ಲ. 8 ಅಡಿ ಉದ್ದ, 5.5 ಅಡಿ ಅಗಲ, 1.5 ಅಡಿ ಎತ್ತರದ ಹಿಂಬದಿ ಇದ್ದರೆ ಅದು 66 ಘನ ಅಡಿ, ಅಂದರೆ ಸುಮಾರು 1.87 ಘನ ಮೀಟರ್. ಅದರ ಅಂಚಿನ ಮಟ್ಟಕ್ಕೆ ಒಣ ಮರಳು ತುಂಬಿದರೆ ಸುಮಾರು 3 ಟನ್! ಮರಳು ಒದ್ದೆ ಆಗಿದ್ದರೆ ಇನ್ನೂ ಜಾಸ್ತಿ. ಅದೇ ಜಾಗಕ್ಕೆ ಸೊಪ್ಪು ತುಂಬಿದರೆ ಮಿತಿಯ ಹತ್ತಿರವೂ ಬರಲ್ಲ.

ನಾವು ಹೇರುವ ಕೆಲವು ಸಾಮಾನು ನೆನಪಲ್ಲಿರಲಿ:

- ನೀರು: ಲೀಟರ್‌ಗೆ 1 ಕೆಜಿ. 1,000 ಲೀಟರ್ ಟ್ಯಾಂಕ್ ತುಂಬಿಸಿದರೆ ನೀರೇ 1 ಟನ್. ಜೀವಾಮೃತವೂ ಹೆಚ್ಚುಕಡಿಮೆ ಅಷ್ಟೇ.
- ಸಿಮೆಂಟ್: ಮೂಟೆಗೆ 50 ಕೆಜಿ. 20 ಮೂಟೆಗೆ 1 ಟನ್.
- ಯೂರಿಯಾ: ಈಗ ಮೂಟೆಗೆ 45 ಕೆಜಿ. ಡಿಎಪಿ 50 ಕೆಜಿ.
- ಕೋಲಾರದ ಕಡೆಯ ಟೊಮ್ಯಾಟೊ ಬಾಕ್ಸ್: 15 ಕೆಜಿ ಲೆಕ್ಕ.
- ಕೊಟ್ಟಿಗೆ ಗೊಬ್ಬರ: ಇದೇ ಅತಿ ದೊಡ್ಡ ಮೋಸಗಾರ. ಬೇಸಿಗೆಯ ಒಣ ಗೊಬ್ಬರಕ್ಕೂ ಮಳೆಗೆ ನೆನೆದ ಗೊಬ್ಬರಕ್ಕೂ ತೂಕದಲ್ಲಿ ಭಾರಿ ವ್ಯತ್ಯಾಸ. ಒಂದು ಬುಟ್ಟಿ ತೂಕ ಹಾಕಿ, ಬುಟ್ಟಿ ಎಣಿಸಿ ತುಂಬಿ.

ಭಾರ ಜಾಸ್ತಿ ಆದರೆ ಬ್ರೇಕ್‌ಗೆ ಏನಾಗುತ್ತೆ

"ಇಂಜಿನ್ ಎಳೀತಲ್ಲ, ಇನ್ನೇನು?" ಅಂತ ಹೇಳೋರು ಬಹಳ. ಹೌದು, ಇಂಜಿನ್ ಎಳೆಯುತ್ತೆ. ಸಮಸ್ಯೆ ಎಳೆಯೋದರಲ್ಲಿ ಅಲ್ಲ, ನಿಲ್ಲಿಸೋದರಲ್ಲಿ.

ಬ್ರೇಕ್ ಅಂದರೆ ಗಾಡಿಯ ಚಲನೆಯನ್ನು ಬಿಸಿ ಮಾಡಿ ಕರಗಿಸುವ ಯಂತ್ರ. 3,840 ಕೆಜಿಯ ಗಾಡಿ 500 ಮೀಟರ್ ಎತ್ತರದಿಂದ ಕೆಳಗೆ ಇಳಿದರೆ, ಒಟ್ಟು ಹೊರಬರುವ ಶಕ್ತಿ ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಒಂದು ಸ್ನಾನದ ಹಂಡೆ ಕುದಿಸಿದ ಹಾಗೆ! ಮಿತಿಯೊಳಗೆ, 2,950 ಕೆಜಿಯಲ್ಲಿ ಇಳಿದರೆ ಅದು 46 ಲೀಟರ್‌ಗೆ ಇಳಿಯುತ್ತೆ. ಈ ಬಿಸಿಯಲ್ಲಿ ಒಂದು ಪಾಲನ್ನು ಇಂಜಿನ್ ತಗೊಳ್ಳುತ್ತೆ, ಅದೂ ನೀವು ಕಡಿಮೆ ಗೇರ್‌ನಲ್ಲಿ ಇದ್ದರೆ ಮಾತ್ರ. ಮೇಲಿನ ಗೇರ್‌ನಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ ಹೆಚ್ಚುಕಡಿಮೆ ಎಲ್ಲಾ ಬಿಸಿ ಬ್ರೇಕ್‌ಗೇ.

ಬ್ರೇಕ್ ತೀರಾ ಬಿಸಿಯಾದರೆ ಎರಡು ಆಗುತ್ತೆ. ಒಂದು, ಲೈನರ್ ಹಿಡಿತ ಕಳೆದುಕೊಳ್ಳುತ್ತೆ. ಎರಡು, ಬ್ರೇಕ್ ಆಯಿಲ್ ಕುದಿಯುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ಹಳೆಯದಾದಷ್ಟೂ ನೀರಿನಂಶ ಜಾಸ್ತಿಯಾಗಿ ಬೇಗ ಕುದಿಯುತ್ತೆ, ಒಳಗೆ ಗುಳ್ಳೆ ಬರುತ್ತೆ, ಪೆಡಲ್ ಮೆತ್ತಗಾಗುತ್ತೆ. ನನಗೆ ಆಗಿದ್ದು ಇದೇ. ಗಾಡಿ ತಗೊಂಡಾಗಿನಿಂದ ಬ್ರೇಕ್ ಆಯಿಲ್ ಬದಲಾಯಿಸಿರಲಿಲ್ಲ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ವೇಗದ ಲೆಕ್ಕ ಇನ್ನೂ ಕಠಿಣ. ವೇಗ 40ರಿಂದ 60ಕ್ಕೆ ಏರಿದರೆ ಒಂದೂವರೆ ಪಟ್ಟು ಅಷ್ಟೇ ಅನ್ನಿಸುತ್ತೆ. ಆದರೆ ಬ್ರೇಕ್ ಕರಗಿಸಬೇಕಾದ ಶಕ್ತಿ 2.25 ಪಟ್ಟು. ಭಾರ ಇದ್ದಾಗ ನಿಧಾನ ಹೋಗಿ ಅನ್ನೋದು ಇದಕ್ಕೇ.

ಲೀಫ್ ಪ್ಲೇಟ್ ಹಾಕಿಸಿದರೆ ಸಾಕಾ?

ಸಾಲಲ್ಲ. ಒಂದೆರಡು ಲೀಫ್ ಪ್ಲೇಟ್ ಜಾಸ್ತಿ ಹಾಕಿಸಿದರೆ ಗಾಡಿ ಕುಸಿಯೋದು ನಿಲ್ಲುತ್ತೆ, ನೋಡೋಕೆ ನೆಟ್ಟಗೆ ಕಾಣುತ್ತೆ. ಆದರೆ ಬ್ರೇಕ್ ಅದೇ, ಆ್ಯಕ್ಸಲ್ ಅದೇ, ಬೇರಿಂಗ್ ಅದೇ, ಟೈರ್ ಅದೇ. ಆರ್‌ಸಿಯ ಮಿತಿಯೂ ಅದೇ. ಕೆಲವು ಗಾಡಿಗಳಲ್ಲಿ ಹಿಂಬದಿ ಎಷ್ಟು ಕುಸಿದಿದೆ ಅಂತ ನೋಡಿ ಹಿಂದಿನ ಬ್ರೇಕ್‌ಗೆ ಒತ್ತಡ ಹಂಚುವ ವಾಲ್ವ್ ಇರುತ್ತೆ. ಪ್ಲೇಟ್ ಹೆಚ್ಚಿಸಿದರೆ ಕುಸಿತ ಕಡಿಮೆ, ಆಗ ಆ ವಾಲ್ವ್ ಗಾಡಿ ಹಗುರ ಇದೆ ಅಂದುಕೊಂಡು ಹಿಂದಿನ ಬ್ರೇಕನ್ನೇ ಕಡಿಮೆ ಮಾಡುತ್ತೆ. ಭಾರ ಜಾಸ್ತಿ, ಬ್ರೇಕ್ ಕಡಿಮೆ!

ಟೈರ್ ಬದಿಯ ಸಂಖ್ಯೆ ಓದಿ

ಟೈರ್ ಮೇಲೆ ಅಳತೆಯ ಪಕ್ಕ 106/104 ಅಂತ ಒಂದು ಜೋಡಿ ಸಂಖ್ಯೆ ಇರುತ್ತೆ. ಇದು ಲೋಡ್ ಇಂಡೆಕ್ಸ್. ಮೊದಲನೆಯದು ಒಂದೊಂದೇ ಟೈರ್ ಇದ್ದಾಗ, ಎರಡನೆಯದು ಜೋಡಿ ಟೈರ್ ಇದ್ದಾಗ. ಅದು ಕೆಜಿ ಅಲ್ಲ, ಸಂಕೇತ: 100 ಅಂದರೆ 800 ಕೆಜಿ, 102 ಅಂದರೆ 850, 104 ಅಂದರೆ 900, 106 ಅಂದರೆ 950, 108 ಅಂದರೆ 1,000 ಕೆಜಿ.

ಹಿಂದೆ 104ರ ಎರಡು ಟೈರ್ ಇದ್ದರೆ ಹಿಂದಿನ ಆ್ಯಕ್ಸಲ್ ಮೇಲೆ 1,800 ಕೆಜಿಗಿಂತ ಜಾಸ್ತಿ ಬೀಳಬಾರದು. ಅದೂ ಗಾಳಿ ಸರಿಯಾಗಿದ್ದರೆ ಮಾತ್ರ. ಎಷ್ಟು ಬೀಳುತ್ತಿದೆ ಅಂತ ತಿಳಿಯೋದು ಸುಲಭ: ವೇಬ್ರಿಡ್ಜ್ ಮೇಲೆ ಹಿಂದಿನ ಚಕ್ರ ಮಾತ್ರ ಇರುವ ಹಾಗೆ ನಿಲ್ಲಿಸಿ ತೂಕ ಹಾಕಿಸಿ. ಟೈರ್ ಬದಲಾಯಿಸುವಾಗ ಅಂಗಡಿಯವರು ಕೊಟ್ಟಿದ್ದು ಹಾಕಿಸಿಕೊಂಡು ಬರಬೇಡಿ. ಹಳೆಯದಕ್ಕಿಂತ ಕಡಿಮೆ ಇಂಡೆಕ್ಸ್ ಇರಬಾರದು.

ಹೇರುವ ಜಾಗವೂ ಮುಖ್ಯ

ಒಂದೇ ತೂಕ, ಬೇರೆ ಜಾಗದಲ್ಲಿ ಇಟ್ಟರೆ ಬೇರೆ ಪರಿಣಾಮ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 3 ಮೀಟರ್ ಇದೆ ಅಂದುಕೊಳ್ಳಿ. 500 ಕೆಜಿಯನ್ನು ಹಿಂದಿನ ಚಕ್ರಕ್ಕಿಂತ 0.9 ಮೀಟರ್ ಹಿಂದೆ, ಡಾಲಾ ಬಾಗಿಲ ಹತ್ತಿರ ಇಟ್ಟರೆ, ಏತದ ಮರದ ಹಾಗೆ ಮುಂದಿನ ಚಕ್ರಗಳ ಮೇಲಿನ ಭಾರ 150 ಕೆಜಿ ಕಡಿಮೆಯಾಗುತ್ತೆ. ಹಿಂದಿನ ಆ್ಯಕ್ಸಲ್ ಮೇಲೆ 500 ಅಲ್ಲ, 650 ಕೆಜಿ ಬೀಳುತ್ತೆ. ಮುಂದಿನ ಚಕ್ರ ಹಗುರಾದರೆ ಸ್ಟೇರಿಂಗ್ ಮಾತು ಕೇಳಲ್ಲ, ಮುಂದಿನ ಬ್ರೇಕೂ ಹಿಡಿಯಲ್ಲ.

ಭಾರದ ಸಾಮಾನು ಕ್ಯಾಬಿನ್ ಕಡೆಗೆ, ಕೆಳಗೆ. ಹಗುರಾದ್ದು ಹಿಂದಕ್ಕೆ, ಮೇಲಕ್ಕೆ. ಎಡ ಬಲ ಸಮ ಇರಲಿ. ಉರುಳುವ ಕಾಯಿ ಇದ್ದರೆ ಮೂಟೆಯಲ್ಲಿ ಅಥವಾ ಕ್ರೇಟ್‌ನಲ್ಲಿ ತುಂಬಿ, ಹುಲ್ಲು ಹಾಸಿ. ನೀರಿನ ಟ್ಯಾಂಕ್ ಅರ್ಧ ತುಂಬಿಸಿ ಒಯ್ಯಬೇಡಿ, ತಿರುವಿನಲ್ಲಿ ನೀರು ಒಂದು ಕಡೆಗೆ ನುಗ್ಗಿ ಗಾಡಿಯನ್ನು ಎಳೆದು ಹಾಕುತ್ತೆ. ಪೂರ್ತಿ ತುಂಬಿಸೋಕೆ ಭಾರ ಜಾಸ್ತಿಯಾದರೆ ಚಿಕ್ಕ ಟ್ಯಾಂಕ್ ತಗೊಳ್ಳಿ.

ಹೊರೆ ಮೇಲೆ ಜನ ಬೇಡವೇ ಬೇಡ. ನಾನು ಇದನ್ನು ಬರೆಯೋಕೆ ಎಷ್ಟು ನಾಚಿಕೆಯಾಗುತ್ತೆ ಅಂತ ಮೇಲೆ ಓದಿದವರಿಗೆ ಗೊತ್ತು.

ಈಗ ಎಳೆಯುವ ಮಾತು

ಅಮೆರಿಕ, ಆಸ್ಟ್ರೇಲಿಯಾದ ವಿಡಿಯೊಗಳಲ್ಲಿ ಪಿಕಪ್ ಹಿಂದೆ ದೊಡ್ಡ ಟ್ರೇಲರ್ ಕಟ್ಟಿಕೊಂಡು ಹೋಗೋದನ್ನು ನಮ್ಮ ಹುಡುಗರು ನೋಡ್ತಾರೆ. ಅಲ್ಲಿ ಆ ಗಾಡಿಗಳಿಗೆ ಎಳೆಯುವ ಮಿತಿಯನ್ನು ಕಂಪನಿಯೇ ಬರೆದು ಕೊಟ್ಟಿರುತ್ತೆ. ನಮ್ಮ ಕಡೆ ಪಿಕಪ್ ಇರೋದು ಹೊರೋಕೆ, ಎಳೆಯೋ ಕೆಲಸ ಟ್ರಾಕ್ಟರ್‌ದು. ಹಾಗಾಗಿ ಮೊದಲ ಕೆಲಸ, ನಿಮ್ಮ ಗಾಡಿಯ ಓನರ್ಸ್ ಮ್ಯಾನುಯಲ್ ತೆಗೆದು ಟ್ರೇಲರ್ ಬಗ್ಗೆ ಏನು ಬರೆದಿದೆ ನೋಡಿ. ಏನೂ ಬರೆದಿಲ್ಲ ಅಥವಾ ಕಟ್ಟಬಾರದು ಅಂತ ಇದ್ದರೆ ಉತ್ತರ ಸೊನ್ನೆ. ವೆಲ್ಡಿಂಗ್ ಅಂಗಡಿಯಲ್ಲಿ ಕೊಕ್ಕೆ ಮಾಡಿಸಿದ ಮಾತ್ರಕ್ಕೆ ಗಾಡಿಗೆ ಎಳೆಯುವ ಶಕ್ತಿ ಬರಲ್ಲ.

ಮ್ಯಾನುಯಲ್‌ನಲ್ಲಿ ಮಿತಿ ಇದ್ದರೆ ಲೆಕ್ಕ ಹೀಗೆ. ಇಲ್ಲಿನ ಸಂಖ್ಯೆಗಳು ಅರ್ಥವಾಗಲಿ ಅಂತ ನಾನು ಹಾಕಿಕೊಂಡವು.

1. ಗಾಡಿ ಮತ್ತು ಟ್ರೇಲರ್ ಎರಡೂ ಸೇರಿ ಗರಿಷ್ಠ ತೂಕ: 4,000 ಕೆಜಿ
2. ಜನ, ಸಾಮಾನು ಸೇರಿ ಈಗ ಪಿಕಪ್ ತೂಕ: 2,300 ಕೆಜಿ. ಉಳಿದಿದ್ದು 1,700 ಕೆಜಿ
3. ಆದರೆ ಬ್ರೇಕ್ ಇರುವ ಟ್ರೇಲರ್‌ಗೆ ಮ್ಯಾನುಯಲ್ ಮಿತಿ 1,500, ಬ್ರೇಕ್ ಇಲ್ಲದ್ದಕ್ಕೆ 750 ಕೆಜಿ

ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ. ಬ್ರೇಕ್ ಇದ್ದರೆ 1,500. ಅದರಲ್ಲಿ ಖಾಲಿ ಟ್ರೇಲರ್‌ದೇ 450 ಕೆಜಿ ಹೋದರೆ ಸರಕು 1,050. ಬ್ರೇಕ್ ಇಲ್ಲದಿದ್ದರೆ 750ರಲ್ಲಿ 450 ಹೋಗಿ ಸರಕು ಬರೀ 300 ಕೆಜಿ!

ಇಷ್ಟಕ್ಕೇ ಮುಗಿಯಲ್ಲ. ಟ್ರೇಲರ್‌ನ ಮೂತಿ ಕೊಕ್ಕೆಯ ಮೇಲೆ ಸ್ವಲ್ಪ ಭಾರ ಬಿಡಬೇಕು. ಒಂದೇ ಆ್ಯಕ್ಸಲ್ ಟ್ರೇಲರ್‌ಗೆ ಒಟ್ಟು ತೂಕದ 10 ಭಾಗ ಅಂತ ಇಟ್ಟುಕೊಳ್ಳಿ, 1,500ಕ್ಕೆ 150 ಕೆಜಿ. ಈ 150 ನಿಮ್ಮ ಪಿಕಪ್ ಹೊರೆಯ ಲೆಕ್ಕಕ್ಕೂ ಸೇರುತ್ತೆ: 2,300 ಹೋಗಿ 2,450. ಇದು ಜಿವಿಡಬ್ಲ್ಯು ಒಳಗೆ ಇರಬೇಕು. ಮೂತಿಯ ಭಾರ ತೀರಾ ಕಡಿಮೆಯಾದರೆ, ಅಂದರೆ ಸರಕು ಟ್ರೇಲರ್‌ನ ಹಿಂದಕ್ಕೆ ಹೋದರೆ, ವೇಗದಲ್ಲಿ ಟ್ರೇಲರ್ ಮೀನಿನ ಬಾಲದ ಹಾಗೆ ಅತ್ತಿತ್ತ ಹೊಡೆಯೋಕೆ ಶುರು ಮಾಡುತ್ತೆ. ಆಗ ಜೋರಾಗಿ ಬ್ರೇಕ್ ತುಳಿದರೆ, ಸ್ಟೇರಿಂಗ್ ಅತ್ತಿತ್ತ ತಿರುಗಿಸಿದರೆ ಗಾಡಿಯೇ ಅಡ್ಡ ಬೀಳುತ್ತೆ. ಆ್ಯಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ತಾನಾಗಿ ನಿಧಾನವಾಗಲು ಬಿಡಬೇಕು.

ಹತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ 1,500 ಕೆಜಿಯ ಟ್ರೇಲರ್ ಸುಮಾರು 150 ಕೆಜಿ ಬಲದಿಂದ ನಿಮ್ಮನ್ನು ಹಿಂದಿನಿಂದ ತಳ್ಳುತ್ತಿರುತ್ತೆ. ಟ್ರೇಲರ್‌ಗೆ ತನ್ನದೇ ಬ್ರೇಕ್ ಬೇಕು ಅನ್ನೋದು ಇದಕ್ಕೇ. ಟ್ರಾಕ್ಟರ್‌ಗೂ ಇದೇ ಮಾತು: ಬ್ರೇಕ್ ಇಲ್ಲದ ಟೇಲರ್‌ಗೆ ಕಬ್ಬು ಪೇರಿಸಿ ಇಳಿಜಾರಿಗೆ ಇಳಿದಾಗ ಆಗೋ ಅನಾಹುತ ನಾವೆಲ್ಲ ಕೇಳಿದ್ದೇವೆ. ಇನ್ನೊಂದು, ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೂ ನೋಂದಣಿ ಬೇಕು. ಕಟ್ಟೋ ಮೊದಲು ಆರ್‌ಟಿಒದಲ್ಲಿ, ವಿಮೆಯವರಲ್ಲಿ ಕೇಳಿ.

ದಂಡ, ವಿಮೆ ಮತ್ತು ಎರಡನೇ ಟ್ರಿಪ್

ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, ಓವರ್‌ಲೋಡ್‌ಗೆ 20,000 ರೂಪಾಯಿ ದಂಡ. ಮೇಲಿಂದ ಪ್ರತಿ ಹೆಚ್ಚುವರಿ ಟನ್‌ಗೆ 2,000. ಜಾಸ್ತಿ ಸರಕನ್ನು ಅಲ್ಲೇ ಇಳಿಸಬೇಕು, ಇಳಿಸುವ ಖರ್ಚೂ ನಿಮ್ಮದೇ. ಓಡಿಸಿದವರಷ್ಟೇ ಅಲ್ಲ, ಹಾಗೆ ಓಡಿಸಲು ಬಿಟ್ಟ ಮಾಲೀಕರೂ ಹೊಣೆ. ಅಪಘಾತವಾಗಿ ಓವರ್‌ಲೋಡ್ ಅಂತ ಗೊತ್ತಾದರೆ ವಿಮೆ ಹಣಕ್ಕೆ ತಕರಾರು ಬರೋ ಸಾಧ್ಯತೆ ಇದ್ದೇ ಇದೆ.

ನಾನು ಉಳಿಸೋಕೆ ಹೋಗಿದ್ದು ಎಷ್ಟು? ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಹೋಗಿಬರೋಕೆ ಸುಮಾರು 180 ಕಿಮೀ. ಲೀಟರ್‌ಗೆ 12 ಕಿಮೀ ಕೊಟ್ಟರೆ 15 ಲೀಟರ್. ಲೀಟರ್‌ಗೆ 90 ರೂಪಾಯಿ ಹಿಡಿದರೂ 1,350 ರೂಪಾಯಿ, ಜೊತೆಗೆ ನನ್ನ ಅರ್ಧ ದಿನ. ಇದಕ್ಕೆ ನಾಲ್ಕೂ ಚಕ್ರದ ಲೈನರ್, ಬ್ರೇಕ್ ಆಯಿಲ್, ಎಡಬದಿಯ ಡೆಂಟಿಂಗ್, ಬೇರೆ ಗಾಡಿಯ ಬಾಡಿಗೆ, ಒಡೆದ ಕಾಯಿ ಎಲ್ಲಾ ಸೇರಿ ಹತ್ತು ಟ್ರಿಪ್‌ನ ಡೀಸೆಲ್‌ಗಿಂತ ಜಾಸ್ತಿ ಹೋಯಿತು. ಆ ಹುಡುಗನ ಅಮ್ಮನಿಗೆ ಮುಖ ತೋರಿಸಬೇಕಾಗಿ ಬಂದಿದ್ದು ಇನ್ನೊಂದು.

ಹೊರಡೋ ಮೊದಲು ಐದು ನಿಮಿಷ

- ಸರಕು ಎಣಿಸಿ, ತೂಕ ಗುಣಿಸಿ, ಮಿತಿಯ ಜೊತೆ ಹೋಲಿಸಿ.
- ಟೈರ್ ಗಾಳಿ ತಣ್ಣಗಿದ್ದಾಗಲೇ ನೋಡಿ. ಭಾರ ಇದ್ದಾಗ ಎಷ್ಟಿರಬೇಕು ಅಂತ ಮ್ಯಾನುಯಲ್‌ನಲ್ಲಿ ಬೇರೆ ಸಂಖ್ಯೆ ಇರುತ್ತೆ.
- ಬ್ರೇಕ್ ಆಯಿಲ್ ಮಟ್ಟ, ಹಿಂದಿನ ಲೈಟ್, ಹಗ್ಗದ ಗಂಟು ನೋಡಿ.
- ಗೇಟಿನಲ್ಲೇ ಒಮ್ಮೆ ಬ್ರೇಕ್ ತುಳಿದು ನೋಡಿ.
- ಘಾಟಿ ಇಳಿಯೋಕೆ ಶುರು ಮಾಡೋ ಮೊದಲೇ ಕಡಿಮೆ ಗೇರ್‌ಗೆ ಬನ್ನಿ. ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಬೇಡಿ, ಇಂಜಿನ್ ಆಫ್ ಮಾಡಬೇಡಿ.
- ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ತಣ್ಣಗಾಗಲು ಬಿಡಿ. ಬಿಸಿ ಡ್ರಮ್ ಮೇಲೆ ನೀರು ಸುರಿಯಬೇಡಿ, ಸೀಳು ಬಿಡಬಹುದು.

ಈ ವಾರ ಒಂದೇ ಕೆಲಸ ಮಾಡಿ. ಮುಂದಿನ ಸಲ ಮಾರುಕಟ್ಟೆಗೆ ಹೋದಾಗ ವಾಪಸ್ ಬರುವ ಮೊದಲು ಖಾಲಿ ಗಾಡಿಯನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ. ಲೆಕ್ಕ ಹಾಕಿ ಬಂದ ಸಂಖ್ಯೆಯನ್ನು ಮಾರ್ಕರ್‌ನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ. ನನ್ನ ಗಾಡಿಯಲ್ಲಿ "ಬಯಲು 970, ಘಾಟಿ 870" ಅಂತ ಇದೆ. ಯಾರಾದರೂ "ಇನ್ನೆರಡು ಮೂಟೆ ಹಾಕೋಣ ಬಿಡಿ ಸಾರ್" ಅಂದರೆ, ನಾನು ಮಾತಾಡಲ್ಲ, ಅದರ ಕಡೆ ಬೆರಳು ತೋರಿಸ್ತೀನಿ.